ಜುಲ್ಲಿ ಕಿಟಕಿ ಹಾರಿದ್ದೇಕೆ?

ಸವಣೂರು
10 ನವೆಂಬರ್ 2024

ಇಂದ,
ಝುಲೈಖಾ
ಹೊಲಿಗೆ ಅಂಗಡಿ, ಸವಣೂರು ಪೇಟೆ, ಪುತ್ತೂರಿನ ಹತ್ತಿರ

ಇವರಿಗೆ,
ಸೇವಂತಿ ಅರಂತೋಡು
ಪ್ರಸಿದ್ಧ ಹಾಸ್ಯ ಲೇಖಕಿ, ಮೈಸೂರು

ವಿಷಯ: ‘ಕಿಟಕಿ ಹಾರಿದ ಜುಲ್ಲಿ’ ಪಾಠದ ಬಗ್ಗೆ ಒಂದು ಸಂಶಯ.

ಮಾನ್ಯರೇ,

ನಾನು ಐವತ್ತನಾಲ್ಕು ವರ್ಷದ ಹೆಂಗಸು. ಬರುವ ಮಾರ್ಚಿನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲಿದ್ದೇನೆ. ನನ್ನ ಮೊಮ್ಮಗಳು ಜುಮಾನಾ ಸಹ ಈ ವರ್ಷ ಹತ್ತನೇ ಕ್ಲಾಸು. ಗಣಿತ ಕಷ್ಟ ಎಂದು ಅವಳು ಒಂದು ದಿನ ಪುಸ್ತಕ ಬಿಸಾಡಿದಾಗ, “ನಾನೂ ಬರೀತೇನೆ, ನೋಡುವ ಯಾರಿಗೆ ಜಾಸ್ತಿ ಬರ್ತದೆ ಅಂತ” ಎಂದುಬಿಟ್ಟೆ. ಹೇಳಿದ ಮೇಲೆ ಹಿಂದೆ ಸರಿಯುವ ಅಭ್ಯಾಸ ನನಗಿಲ್ಲ.

ನಮಗೆ ಭಾನುವಾರ ಕನ್ನಡ ಹೇಳಿಕೊಡುವವರು ರಾಮಕುಂಜದ ನಿವೃತ್ತ ಮಾಸ್ಟ್ರು ರಾಮಪ್ರಸಾದರು. ಮೂರು ಗಂಟೆ ಕೈ ನೋಯದೆ ಬರೆಯಬೇಕಾದರೆ ಯಾರಿಗಾದರೂ ಪತ್ರ ಬರೆದು ಅಭ್ಯಾಸ ಮಾಡಿ ಎಂದರು. ನನಗೆ ಬೇಕಾದವರೆಲ್ಲ ಕೂಗಿದರೆ ಕೇಳುವಷ್ಟು ಹತ್ತಿರ ಇದ್ದಾರೆ. ಆದ್ದರಿಂದ ಪ್ರಕಾಶಕರಿಂದ ತಮ್ಮ ವಿಳಾಸ ಪಡೆದೆ.

ತಮ್ಮ ಪಾಠದಲ್ಲಿ ಏಳನೇ ಕ್ಲಾಸಿನ ಜುಲ್ಲಿ, ಇನ್‌ಸ್ಪೆಕ್ಟರು ಹದಿನೇಳರ ಮಗ್ಗಿ ಕೇಳಿದ್ದಕ್ಕೆ ಹೆದರಿ ಕಿಟಕಿ ಹಾರಿ ಓಡುತ್ತಾಳೆ. ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ. ‘ಹೀಗೆ ಜುಲ್ಲಿಯಿಂದ ಗಣಿತವೂ ಗಣಿತದಿಂದ ಜುಲ್ಲಿಯೂ ಪಾರಾದರು’ ಎಂದು ಪಾಠ ಮುಗಿಯುತ್ತದೆ. ಅಭ್ಯಾಸದಲ್ಲಿ ನಾಲ್ಕು ಅಂಕದ ಪ್ರಶ್ನೆ ಉಂಟು: ಜುಲ್ಲಿ ಕಿಟಕಿ ಹಾರಿದ್ದೇಕೆ?

ನನ್ನ ಸಂಶಯ ಇಷ್ಟೇ. ಅವಳು ಹೆದರಿ ಹಾರಿದಳು ಎಂದು ತಮಗೆ ಹೇಳಿದವರು ಯಾರು?

ತಮ್ಮ ಉತ್ತರ ಕಾಯುವ,
ಝುಲೈಖಾ

*

ಮೈಸೂರು
26 ನವೆಂಬರ್ 2024

ಪ್ರಿಯ ಝುಲೈಖಾ ಅವರೇ,

ಕೈಯಲ್ಲಿ ಬರೆದ ಪತ್ರ ಬಂದು ಎಷ್ಟು ಕಾಲವಾಯಿತು! ಅಂಚೆಯವನೇ ನನ್ನನ್ನು ಹೊರಗೆ ಕರೆದು, “ಮೇಡಂ, ಇದು ಬಿಲ್ಲಲ್ಲ” ಎಂದು ಕೈಗೆ ಕೊಟ್ಟ.

ಪ್ರಸಿದ್ಧ ಎಂದು ಬರೆದಿದ್ದೀರಿ. ಹೋದ ತಿಂಗಳು ಒಂದು ಸನ್ಮಾನಕ್ಕೆ ಹೋಗಿದ್ದೆ. ಪರಿಚಯಿಸಲು ಎದ್ದವರಿಗೆ ನನ್ನ ಹೆಸರೇ ಮರೆತುಹೋಯಿತು. “ಇವರ ಪರಿಚಯ ನಿಮಗೆಲ್ಲ ಇದ್ದೇ ಇದೆ” ಎಂದು ಮೂರು ಸಲ ಹೇಳಿ, ಬೆವರು ಒರೆಸಿಕೊಂಡು ಕುಳಿತರು. ಆಮೇಲೆ ಶಾಲು ಹೊದಿಸಿದರು. ಮನೆಯಲ್ಲಿ ಈಗ ನಲವತ್ತೆರಡು ಶಾಲುಗಳಿವೆ. ಮೈಸೂರಿನ ಚಳಿಗೆ ಎರಡು ಸಾಕು.

ಪರೀಕ್ಷೆಯ ಮಾತು ಬಂತಲ್ಲ, ಇದನ್ನೂ ಕೇಳಿ. ನಮ್ಮ ಪಕ್ಕದ ಮನೆಯ ಭವಿತಾ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನೀವು ಬರೆದ ಅದೇ ನಾಲ್ಕು ಅಂಕದ ಪ್ರಶ್ನೆಗೆ ನಾನೇ ಒಂದು ಉತ್ತರ ಬರೆದು, ಯಾರೋ ಹುಡುಗಿಯದ್ದು ಎಂದು ಹೇಳಿ ಅವಳ ಕೈಗೆ ಕೊಟ್ಟೆ. ಎರಡು ಅಂಕ ಹಾಕಿದಳು! ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಷರಾ: ‘ಲೇಖಕಿಯ ಆಶಯ ಅರ್ಥವಾಗಿಲ್ಲ.’

ನಿಮ್ಮ ಸಂಶಯಕ್ಕೆ ಬರುತ್ತೇನೆ. ಜುಲ್ಲಿ ಎಂಬವಳು ಯಾರೂ ಅಲ್ಲ. ಹತ್ತು ಹುಡುಗಿಯರ ಹತ್ತು ತುಂಡು ಸೇರಿಸಿ ಹೊಲಿದ ಕೌದಿ ಅವಳು. ಹೊಲಿಗೆಯವರಾದ ನಿಮಗೆ ಇದು ಬೇಗ ಅರ್ಥವಾದೀತು. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಿರಿ, ನಾಲ್ಕೂ ಅಂಕ ತೆಗೆದುಕೊಳ್ಳಿ. ನಿಮ್ಮ ಧೈರ್ಯ ಕಂಡು ಸಂತೋಷವಾಯಿತು.

ಶುಭಾಶಯಗಳೊಂದಿಗೆ,
ಸೇವಂತಿ

*

ಸವಣೂರು
8 ಡಿಸೆಂಬರ್ 2024

ಸೇವಂತೀ,

ಇನ್ನು ‘ಮಾನ್ಯರೇ’ ಬೇಡ. ನಿನ್ನ ಕೌದಿಯ ಹತ್ತೂ ತುಂಡು ನಾನೊಬ್ಬಳೇ.

ಎರಡನೇ ಬೆಂಚು. ಕಿಟಕಿಯ ಬದಿಗೆ ನಾನು, ಗೋಡೆಯ ಬದಿಗೆ ನೀನು. ನೀನು ಸೋದರಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಬರುತ್ತಿದ್ದೆ. ಸೋಮವಾರ ಬಂದರೆ ಅರಂತೋಡಿನ ಮನೆ ನೆನೆಸಿ ಅಳುತ್ತಿದ್ದೆ. ನಿನ್ನ ಲೆಕ್ಕ ನಾನು ಮಾಡಿಕೊಡುತ್ತಿದ್ದೆ, ನನ್ನ ಪ್ರಬಂಧಕ್ಕೆ ನೀನು ನಾಲ್ಕು ಚಂದದ ವಾಕ್ಯ ಸೇರಿಸುತ್ತಿದ್ದೆ. ನನ್ನನ್ನು ಜುಲ್ಲಿ ಎಂದು ಕರೆದವಳು ಲೋಕದಲ್ಲಿ ನೀನೊಬ್ಬಳೇ. ಇಷ್ಟು ನೆನಪಿದ್ದವಳಿಗೆ ಉಳಿದದ್ದು ಹೇಗೆ ಮರೆತುಹೋಯಿತು?

ಮಗ್ಗಿ ನಾನು ಹೇಳಿದ್ದೆ. ‘ಹದಿನೇಳೇಳ್ಲಿ ನೂರ ಹತ್ತೊಂಬತ್ತು’ ಎನ್ನುವಾಗ ರಸ್ತೆಯಲ್ಲಿ ಒಂದು ಜೀಪು ನಿಧಾನವಾಗಿ ಬಂತು. ಹಿಂದೆ ನಮ್ಮ ನೆರೆಮನೆಯ ಮಮ್ಮು ಕಾಕ ಕುಳಿತು ನನಗೆ ಬಾ ಬಾ ಎಂದು ಕೈ ಮಾಡುತ್ತಿದ್ದರು. ಅವರ ತೊಡೆಯ ಮೇಲೆ ನನ್ನ ತಾಯಿಯ, ಉಮ್ಮನ ತಲೆ. ಬಾಗಿಲಿಗೆ ಅಡ್ಡ ಇನ್‌ಸ್ಪೆಕ್ಟರರ ಕುರ್ಚಿ ಇತ್ತು. ಕಿಟಕಿಗೆ ಸರಳು ಇರಲಿಲ್ಲ. ಹಾರಿದೆ.

ಉಮ್ಮ ಬಾವಿಕಟ್ಟೆಯಿಂದ ಜಾರಿ ಬಿದ್ದಿದ್ದರು. ಬೆನ್ನುಮೂಳೆ ಮುರಿದಿತ್ತು. ಪುತ್ತೂರಿನ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹನ್ನೊಂದು ವರ್ಷ ಬದುಕಿದರು, ಒಂದು ದಿನವೂ ಎದ್ದು ನಿಲ್ಲಲಿಲ್ಲ. ತಂದೆ, ನಮ್ಮ ಉಪ್ಪ, ಒಣಮೀನು ಹೊತ್ತು ಸಂತೆಯಿಂದ ಸಂತೆಗೆ ಹೋಗುವವರು. ನನ್ನ ಕೆಳಗೆ ಮೂವರು. ಅಡಿಗೆ ಕಲಿತೆ, ಉಮ್ಮನ ಹಾಸಿಗೆಯ ಪಕ್ಕ ಮಿಷನ್ ಇಟ್ಟುಕೊಂಡು ಹೊಲಿಗೆ ಕಲಿತೆ. ಈಗ ಈ ಸುತ್ತಿನ ಶಾಲೆಗಳ ಮಕ್ಕಳ ಯೂನಿಫಾರ್ಮ್ ಹೆಚ್ಚಿನದ್ದು ನನ್ನ ಅಂಗಡಿಯದ್ದು.

ಹದಿನೇಳೆಂಟ್ಲಿ ನೂರ ಮೂವತ್ತಾರು. ಅಲ್ಲಿಂದ ಮುಂದೆಯೂ ಬರುತ್ತದೆ.

ಜುಮಾನಾ ಪಾಠವನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ನಾನೇ ಎಂದು ಹೇಳಲಿಲ್ಲ, ಅವಳ ಜೊತೆ ನಾನೂ ನಕ್ಕೆ. ಚೆನ್ನಾಗಿಯೇ ಬರೆದಿದ್ದೀಯ. ರಾಮಪ್ರಸಾದ ಮಾಸ್ಟ್ರಿಗೆ ಮಾತ್ರ ಹೇಳಿದೆ. ಅವರಿಗೆ ಗಾಬರಿಯಾಯಿತು. “ಮಾರಾಯ್ರೆ, ಪರೀಕ್ಷೆಯಲ್ಲಿ ನಿಜ ಬರೀಲಿಕ್ಕೆ ಹೋಗ್ಬೇಡಿ, ಸೊನ್ನೆ ಹಾಕ್ತಾರೆ!”

ಒಂದು ವಿಷಯ ನಿನ್ನಲ್ಲಿ ಕೇಳಬೇಕು. ನಮ್ಮ ಲೆಕ್ಕದ ಮಾಸ್ಟ್ರು ದೇವದಾಸರು ಆಮೇಲೆ ಒಂದು ಸಲವಾದರೂ ನನ್ನ ಸುದ್ದಿ ಎತ್ತಿದರಾ? ನನಗೆ ಗೊತ್ತಾಗಬೇಕಾದದ್ದು ಅದೊಂದೇ.

ಝುಲೈಖಾ

*

ಮೈಸೂರು
19 ಡಿಸೆಂಬರ್ 2024

ನನ್ನ ಜುಲ್ಲೀ,

ನೀನಾ! ಪತ್ರ ಓದಿ ಕುಣಿಯುವುದೊಂದು ಬಾಕಿ. ಮಂಡಿನೋವು ಇಲ್ಲದಿದ್ದರೆ ಅದೂ ಆಗುತ್ತಿತ್ತು. ನಲವತ್ತೊಂದು ವರ್ಷ! ನಿನ್ನ ಜಡೆ, ನೀನು ತರುತ್ತಿದ್ದ ಅಕ್ಕಿರೊಟ್ಟಿ, ಮಳೆಗೆ ನಮ್ಮಿಬ್ಬರಿಗೂ ಒಂದೇ ಕೊಡೆ, ಎಲ್ಲ ಕಣ್ಣೆದುರು ಬಂತು.

ಉಮ್ಮನ ವಿಷಯ ಓದಿ ಬಹಳ ನೋವಾಯಿತು. ನನಗೆ ಜೀಪು ಕಾಣಲಿಲ್ಲ ನೋಡು, ನಾನು ಗೋಡೆಯ ಬದಿಗಿದ್ದೆ. ಹಾಸ್ಯ ಬರೆಯುವವರ ಕಷ್ಟವೇ ಇದು. ಎಲ್ಲೋ ಕಂಡದ್ದಕ್ಕೆ ಸ್ವಲ್ಪ ಉಪ್ಪುಖಾರ ಹಾಕುತ್ತೇವೆ, ತಿನ್ನುವವರ ಬಾಯಿ ಸುಟ್ಟದ್ದು ಆಮೇಲೆ ತಿಳಿಯುತ್ತದೆ. ಒಮ್ಮೆ ನಮ್ಮ ಮಾವನ ಮೀಸೆಯ ಬಗ್ಗೆ ಬರೆದೆ. ಅವರು ಆ ಪತ್ರಿಕೆಯಲ್ಲಿ ಬಾಳೆಹಣ್ಣು ಕಟ್ಟಿ ನನಗೇ ಕಳಿಸಿದರು.

ಮಾರ್ಚಿನೊಳಗೆ ಬರುತ್ತೇನೆ. ಇಬ್ಬರೂ ಶಾಲೆಗೆ ಹೋಗಿ ಆ ಕಿಟಕಿಯ ಹತ್ತಿರ ಫೋಟೋ ತೆಗೆಸಿಕೊಳ್ಳೋಣ. ನಿನ್ನ ಫೋನ್ ನಂಬರು ಕಳಿಸು, ಮಾತಾಡೋಣ.

ನಿನ್ನ,
ಸೇವಂತಿ

*

ಸವಣೂರು
12 ಜನವರಿ 2025

ಸೇವಂತೀ,

ಫೋನು ಬೇಡ. ನನಗೆ ಬರೆಯುವ ಅಭ್ಯಾಸ ಬೇಕು, ನಿನಗೂ ಬೇಕು ಎಂದು ಕಾಣುತ್ತದೆ.

ನಾನು ಕೇಳಿದ್ದು ಒಂದೇ ಪ್ರಶ್ನೆ. ನೀನು ಕೊಡೆಯ ಬಗ್ಗೆ ಬರೆದೆ, ರೊಟ್ಟಿಯ ಬಗ್ಗೆ, ಮೀಸೆಯ ಬಗ್ಗೆ ಬರೆದೆ. ಕೇಳಿದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದರೆ ಅಂಕ ಇಲ್ಲ ಎಂದು ರಾಮಪ್ರಸಾದ ಮಾಸ್ಟ್ರು ಪ್ರತೀ ಭಾನುವಾರ ಹೇಳುತ್ತಾರೆ.

ದೇವದಾಸ ಮಾಸ್ಟ್ರು ನನ್ನ ಬಗ್ಗೆ ಕೇಳಿದರಾ, ಇಲ್ಲವಾ?

ಝುಲೈಖಾ

*

ಮೈಸೂರು
2 ಫೆಬ್ರವರಿ 2025

ಝುಲೈಖಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಎಲ್ಲದರಲ್ಲೂ ಒಂದೊಂದು ತಮಾಷೆ ನುಸುಳಿತ್ತು. ಇದರಲ್ಲಿ ಇಲ್ಲ.

ಕೇಳಿದರು. ನೀನು ಹೋದ ಮರುವಾರವೇ ಕೇಳಿದರು, ಆಮೇಲೂ ಕೇಳಿದರು. ಏಳನೆಯದರ ಪಬ್ಲಿಕ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ನನ್ನನ್ನು ಕರೆದು, “ನೀನು ಝುಲೈಖಾನ ಮನೆಗೆ ಹೋಗಿ ಬಾ. ಪರೀಕ್ಷೆಗೆ ಮಾತ್ರ ಬಂದು ಬರೀಲಿ ಅಂತ ಹೇಳು. ಹಾಜರಿ ಎಲ್ಲ ನಾನು ನೋಡಿಕೊಳ್ತೇನೆ. ಹೈಸ್ಕೂಲಿಗೆ ಸೇರಿಸುವ ಜವಾಬ್ದಾರಿ ಸಹ ನನ್ನದು” ಎಂದರು.

ಹೊರಟೆ. ನಿಮ್ಮ ಮನೆಗೆ ಹೋಗುವ ದಾರಿಯಲ್ಲಿ ತೋಡು ದಾಟಲಿಕ್ಕೆ ಒಂದು ಮರದ ಸಂಕ ಇತ್ತಲ್ಲ, ಅಲ್ಲಿಯವರೆಗೆ ಬಂದೆ. ಸಂಕದ ಮೇಲೆ ಕುಳಿತೆ. ನಿಮ್ಮ ಹಂಚಿನ ಮೇಲೆ ಹೊಗೆ ಏಳುತ್ತಿದ್ದದ್ದು ಕಾಣುತ್ತಿತ್ತು. ಐದನೇ ಕ್ಲಾಸಿನಿಂದ ನೀನು ಮೊದಲು, ನಾನು ಎರಡನೆಯವಳು. ಈ ಸಲವೂ ಮೊದಲು ಬಾರದಿದ್ದರೆ ಅರಂತೋಡಿಗೆ ವಾಪಸು ಕಳಿಸುತ್ತೇನೆ, ಓದು ಸಾಕು ಎಂದು ಮಾವ ಹೇಳಿದ್ದರು. ಇದನ್ನು ನೆವ ಎಂದು ಬರೆಯುತ್ತಿಲ್ಲ, ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಇದು.

ಎದ್ದು ತಿರುಗಿ ಬಂದೆ. “ಅವರ ಮನೆಯಲ್ಲಿ ಬೇಡ ಅಂದ್ರು ಸಾರ್, ಹುಡುಗಿಯರು ಓದಿದ್ದು ಸಾಕಂತೆ” ಎಂದು ಹೇಳಿದೆ. ಮಾಸ್ಟ್ರು ಹಾಜರಿ ಪುಸ್ತಕ ಮಡಚಿಟ್ಟರು. ಆಮೇಲೆ “ಹೌದಾ, ಹಾಗೆ ಅಂದ್ರಾ” ಎಂದರು. ನನ್ನ ಸುಳ್ಳನ್ನು ಯಾರೂ ಪರೀಕ್ಷಿಸಲಿಲ್ಲ. ನಿಮ್ಮ ಮನೆಯ ಬಗ್ಗೆ ಅಂಥ ಮಾತನ್ನು ಯಾರು ಬೇಕಾದರೂ ನಂಬುತ್ತಾರೆ ಎಂದು ಹನ್ನೆರಡು ವರ್ಷದ ನನಗೂ ಗೊತ್ತಿತ್ತು. ಅದೇ ಇವತ್ತಿಗೂ ಹೆಚ್ಚು ಚುಚ್ಚುವುದು.

ಆ ವರ್ಷ ನಾನು ಮೊದಲು ಬಂದೆ.

ನಿನ್ನನ್ನು ಗಣಿತಕ್ಕೆ ಹೆದರಿದವಳನ್ನಾಗಿ ಮಾಡಿದ್ದು ಯಾಕೆ ಎಂದು ಈಗ ನಿನಗೆ ತಿಳಿದಿರಬೇಕು. ನೀನಾಗಿಯೇ ಓಡಿದೆ ಎಂದು ಲೋಕವೆಲ್ಲ ನಕ್ಕರೆ ನಾನೂ ಹಾಗೆಯೇ ನಂಬಬಹುದಿತ್ತು. ನಿನ್ನ ಮೊದಲ ಪತ್ರ ಬಂದಾಗ ಹೆಸರು ಓದಿದ ಕೂಡಲೇ ಗುರುತಾಗಿತ್ತು. ಕೌದಿ ಎಂದು ಬರೆದದ್ದು ಗೊತ್ತಿದ್ದೇ.

ಸೇವಂತಿ

*

ಸವಣೂರು
23 ಮಾರ್ಚ್ 2025

ಸೇವಂತಿಗೆ,

ಏಳು ವಾರ ಬರೆಯಲಿಲ್ಲ. ಬರೆಯಲು ಕುಳಿತರೆ ಪೆನ್ನಿನ ಮೊನೆ ಕಾಗದ ಹರಿಯುತ್ತಿತ್ತು. ಪರೀಕ್ಷೆಗೆ ಬೇಕಾದ ಕೈ ಅದು, ನಿನಗಾಗಿ ಹಾಳು ಮಾಡುವುದು ಬೇಡ ಎಂದು ಬಿಟ್ಟೆ.

ನೀನು ಬರೆದದ್ದಕ್ಕೆ ಪ್ರತಿಯಾಗಿ ನನ್ನಲ್ಲಿ ಇದ್ದದ್ದನ್ನು ಬರೆಯುತ್ತೇನೆ. ಉಪ್ಪ ಸಾಯುವವರೆಗೂ ಆಗಾಗ ಕೇಳುತ್ತಿದ್ದರು, “ನಿನ್ನ ಮಾಸ್ಟ್ರು ಒಂದು ಸಲ ಸಹ ಕೇಳಿಕೊಂಡು ಬರ್ಲಿಲ್ಲವಾ?” ಎಂದು. ಮಾಸ್ಟ್ರು ಬಂದು ಕೇಳಿದ್ದರೆ ಉಪ್ಪ ಪರೀಕ್ಷೆಗೆ ಕಳಿಸುತ್ತಿದ್ದರು. ನಮ್ಮ ಉಪ್ಪ ಸಂತೆಯಲ್ಲಿ ಒಣಮೀನು ಕಟ್ಟಿದ ಪೇಪರನ್ನೂ ಬಿಡಿಸಿ ತಂದು, ಓದು ಎಂದು ನನ್ನ ಕೈಯಲ್ಲಿ ಕೊಡುತ್ತಿದ್ದವರು. ಅಂಥವರ ಬಾಯಿಗೆ ನೀನು ಯಾವ ಮಾತು ಹಾಕಿದೆ!

ಇನ್ನೊಂದು. ಸುಮಾರು ತೊಂಬತ್ತೆಂಟರಲ್ಲಿ ದೇವದಾಸ ಮಾಸ್ಟ್ರು ನನ್ನ ಅಂಗಡಿಗೆ ಬಂದಿದ್ದರು, ಷರ್ಟಿನ ಬಟ್ಟೆ ಹಿಡಿದುಕೊಂಡು. “ನೀನೇ ಅಲ್ವಾ ಝುಲೈಖಾ?” ಎಂದರು. ನನ್ನನ್ನು ಮರೆತುಬಿಟ್ಟ ಮನುಷ್ಯ ಈಗ ಬಂದು ನಗುತ್ತಿದ್ದಾರೆ ಎಂದು ನನಗೆ ಸಿಟ್ಟು ಬಂತು. “ಗಂಡಸರ ಬಟ್ಟೆ ಹೊಲಿಯುವುದಿಲ್ಲ” ಎಂದೆ. ಒಳಗೆ ಗೋಡೆಯ ಮೇಲೆ ನಾಲ್ಕು ಷರ್ಟು ನೇತಾಡುತ್ತಿತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬಟ್ಟೆ ಮಡಚಿಕೊಂಡು ಹೋದರು. ಆರು ವರ್ಷದ ನಂತರ ತೀರಿಕೊಂಡರು. ನಾನು ಮನೆಗೂ ಹೋಗಲಿಲ್ಲ.

ಆ ಷರ್ಟು ನಾನು ಹೊಲಿಯಬಹುದಿತ್ತು ಸೇವಂತಿ. ನನ್ನ ಓದು ಹೋದದ್ದಕ್ಕಿಂತ ಈಗ ಅದೇ ಹೆಚ್ಚು ಸಂಕಟ.

ಮೊನ್ನೆ ಶುಕ್ರವಾರ ಕನ್ನಡ ಪೇಪರು ಆಯಿತು. ಬಾಗಿಲಲ್ಲಿದ್ದ ಮೇಡಂ ನನ್ನನ್ನು ತಡೆದು “ಅಮ್ಮ, ಮಕ್ಕಳನ್ನು ಬಿಟ್ಟು ನೀವು ಗೇಟಿನ ಹೊರಗೆ ನಿಲ್ಲಬೇಕು” ಎಂದರು. ಹಾಲ್ ಟಿಕೆಟ್ ತೋರಿಸಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ತಾವೇ ಒಳಗೆ ಬಂದು ನನಗೆ ಫ್ಯಾನಿನ ಕೆಳಗಿನ ಬೆಂಚು ತೋರಿಸಿದರು. ನನ್ನ ನಂಬರು ಬೇರೆ ಬೆಂಚಿನಲ್ಲಿತ್ತು, ನಾನು ಆ ನಂಬರಿನಲ್ಲಿಯೇ ಕುಳಿತೆ.

ನಾಲ್ಕು ಅಂಕದ ಆ ಪ್ರಶ್ನೆ ಬಂದಿತ್ತು.

ನಾನು ಪುಸ್ತಕದ ಉತ್ತರವನ್ನೇ ಬರೆದೆ. ಮಗ್ಗಿಗೆ ಹೆದರಿದಳು, ಬೆವರಿದಳು, ಹಾರಿದಳು, ಓಡಿದಳು. ಲೇಖಕಿಯ ಹಾಸ್ಯಪ್ರಜ್ಞೆ ಮೆಚ್ಚತಕ್ಕದ್ದು ಎಂದೂ ಸೇರಿಸಿದೆ. ನೀನು ಹೇಳಿದೆ ಎಂದು ಬರೆದದ್ದಲ್ಲ. ನನಗೆ ಪಾಸಾಗಬೇಕಿತ್ತು. ನಲವತ್ತೆರಡು ವರ್ಷದ ಹಿಂದೆ ತಪ್ಪಿಹೋದ ಪರೀಕ್ಷೆಯನ್ನು ಇನ್ನೊಮ್ಮೆ ನಿನ್ನಿಂದಾಗಿ ಬಿಡಲು ನಾನು ತಯಾರಿಲ್ಲ. ನಿಜ ಬರೆಯುವುದು ಪರೀಕ್ಷೆಗೆ ಕುಳಿತವಳ ಕೆಲಸವಲ್ಲ. ಪಾಠ ಬರೆದವಳದ್ದು.

ಝುಲೈಖಾ

*

ಮೈಸೂರು
9 ಏಪ್ರಿಲ್ 2025

ಝುಲೈಖಾ,

ಶನಿವಾರ ನಮ್ಮ ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ಟ್ರಿಗೆ ಫೋನು ಮಾಡಿ ಮಕ್ಕಳ ಜೊತೆ ಒಂದು ಗಂಟೆ ಮಾತಾಡಲು ಅವಕಾಶ ಕೇಳಿದೆ. ಅವರು ದೊಡ್ಡ ಬ್ಯಾನರ್ ಕಟ್ಟಿದ್ದರು, ‘ಲೇಖಕಿಯೊಂದಿಗೆ ನಗೆಯ ಒಂದು ಗಂಟೆ’ ಎಂದು. ನಲವತ್ತಮೂರನೇ ಶಾಲೂ ಬಂತು.

ಮೊದಲು ‘ಕಿಟಕಿ ಹಾರಿದ ಜುಲ್ಲಿ’ಯನ್ನು ಓದಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ, “ಇದು ಸುಳ್ಳು. ನಿಜ ಹೇಳಲಿಕ್ಕೆ ಬಂದಿದ್ದೇನೆ” ಎಂದೆ. ಜೀಪಿನಿಂದ ಶುರುಮಾಡಿ ಸಂಕದವರೆಗೆ ಹೇಳಿದೆ, ದೇವದಾಸ ಮಾಸ್ಟ್ರಿಗೆ ನಾನು ಹೇಳಿದ ಮಾತನ್ನೂ ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ, ಅದನ್ನು ಹೇಳುವ ಹಕ್ಕು ನಿನ್ನದು. ಹೆಡ್‌ಮಾಸ್ಟ್ರು ಎರಡು ಸಲ ಗಡಿಯಾರ ನೋಡಿದರು.

ಕೊನೆಗೆ ಮುಂದಿನ ಸಾಲಿನ ಒಬ್ಬಳು ಸಣ್ಣ ಹುಡುಗಿ ಎದ್ದು ನಿಂತಳು. “ಟೀಚರ್, ಮರುದಿನ ಹೋಗಿ ಹೇಳ್ಬಹುದಿತ್ತಲ್ಲ? ಸಂಕ ಅಲ್ಲೇ ಉಂಟಲ್ಲ?” ಎಂದಳು. ಮೂವತ್ತು ವರ್ಷದಿಂದ ವೇದಿಕೆಯ ಮೇಲೆ ಯಾವ ಪ್ರಶ್ನೆಗೂ ತಮಾಷೆಯಿಲ್ಲದೆ ಉತ್ತರಿಸಿದವಳಲ್ಲ ನಾನು. ಆವತ್ತು “ಹೌದು ಮಗಾ, ಹೋಗಬಹುದಿತ್ತು” ಎಂದಷ್ಟೇ ಹೇಳಿದೆ.

ಪಠ್ಯಪುಸ್ತಕದವರಿಗೆ ಪತ್ರ ಬರೆದಿದ್ದೇನೆ. ಪಾಠ ತೆಗೆಯಬೇಕು, ಇಲ್ಲವೇ ನಾನು ಹೊಸದಾಗಿ ಬರೆದ ಕೊನೆಯನ್ನು ಸೇರಿಸಬೇಕು. ಒಪ್ಪದಿದ್ದರೆ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಯೇ ಬರೆಯುತ್ತೇನೆ.

ನಿನ್ನ ಅಂಗಡಿಯ ಎದುರಿನಿಂದಲೇ ಬಂದೆ. ಒಳಗೆ ನೀನು ಯಾರದೋ ಅಳತೆ ತೆಗೆಯುತ್ತಿದ್ದೆ. ಕರೆಯದೆ ಒಳಗೆ ಬರಬಾರದು ಎಂದು ಕಾರು ನಿಲ್ಲಿಸಲಿಲ್ಲ. ಬರಲಾ?

ಸೇವಂತಿ

*

ಸವಣೂರು
6 ಮೇ 2025

ಸೇವಂತಿಗೆ,

ರಿಸಲ್ಟ್ ಬಂತು. ಪಾಸು. ಗಣಿತಕ್ಕೆ ಎಂಬತ್ತೆಂಟು. ಜುಮಾನಾಳಿಗೆ ಎಪ್ಪತ್ತೊಂದು. ಅವಳು ಮುಖ ಊದಿಸಿಕೊಂಡು ಒಂದು ದಿನ ಊಟ ಬಿಟ್ಟಳು, ಮರುದಿನ ಬೆಳಿಗ್ಗೆ ನನ್ನ ಮಾರ್ಕ್ಸಿನ ಫೋಟೋವನ್ನು ಅವಳೇ ಊರಿಗೆಲ್ಲ ಕಳಿಸಿದಳು. ರಾಮಪ್ರಸಾದ ಮಾಸ್ಟ್ರು ಲಾಡು ತಂದಿದ್ದರು. ಇಂಗ್ಲಿಷಿಗೆ ನಲವತ್ತು, ಅದರ ಸುದ್ದಿ ಬೇಡ.

ಜುಲ್ಲಿ ನಾನೇ ಎಂದು ಆ ಸಂಜೆ ಜುಮಾನಾಳಿಗೆ ಹೇಳಿದೆ. ಅವಳು ನಗಲಿಲ್ಲ. “ಅಷ್ಟೆತ್ತರದ ಕಿಟಕಿಯಾ?” ಎಂದು ಕೇಳಿದಳು. ನಾನು ಎದ್ದು ನಿಂತು ತೋರಿಸಿದೆ, ಎದೆಯವರೆಗೆ.

ನಿನ್ನೆ ಅವಳನ್ನು ಕರೆದುಕೊಂಡು ಕಡಬಕ್ಕೆ ಹೋಗಿದ್ದೆ, ದೇವದಾಸ ಮಾಸ್ಟ್ರ ಮನೆಗೆ. ಅವರ ಹೆಂಡತಿ ಇದ್ದಾರೆ, ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಮಾಸ್ಟ್ರ ಫೋಟೋದ ಕೆಳಗೆ ಮಾರ್ಕ್ಸಿನ ಕಾಗದ ಇಟ್ಟೆ. ಹೆಸರು ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡು, “ಲೆಕ್ಕದ ಝುಲೈಖಾನಾ? ಸವಣೂರಿನವಳಾ? ಇವರು ನಿನ್ನ ಹೆಸರು ಹೇಳ್ತಾ ಇದ್ರು ಮಗಾ. ಅಂಥ ತಲೆ ಮತ್ತೆ ಕಾಣ್ಲಿಲ್ಲ, ನಾನೇ ಮನೆಗೆ ಹೋಗಿ ಕೇಳ್ಬೇಕಿತ್ತು, ಹೋಗ್ಲಿಲ್ಲ ಅಂತ” ಎಂದರು. ನಾನು ಷರ್ಟಿನ ವಿಷಯ ಹೇಳಿ ಅತ್ತೆ. “ಅದನ್ನೂ ಹೇಳಿದ್ರು” ಎಂದು ಅವರು ನಕ್ಕುಬಿಟ್ಟರು. “ಸಿಟ್ಟು ಇದ್ದದ್ದು ಒಳ್ಳೆದಾಯ್ತು, ಹುಡುಗಿ ಚುರುಕಾಗಿಯೇ ಇದ್ದಾಳೆ ಅಂತ ಹೇಳಿದ್ರು” ಎಂದರು.

ಆ ಮನೆಯವರ ಲೆಕ್ಕದಲ್ಲಿ, ಓದು ಬೇಡ ಎಂದದ್ದು ಇಂದಿಗೂ ನನ್ನ ಉಪ್ಪನೇ. ನಾನು ತಿದ್ದಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಅಲ್ಲಿ ಹೇಳಬೇಕಾದವಳು ನಾನಲ್ಲ.

ನೀನು ಶಾಲೆಯಲ್ಲಿ ಮಾತಾಡಿದ್ದು ಪೇಟೆಯಲ್ಲೆಲ್ಲ ಸುದ್ದಿಯಾಗಿದೆ. ಒಳ್ಳೆಯದು ಮಾಡಿದೆ. ನನಗಿನ್ನೂ ಸಿಟ್ಟು ಉಂಟು. ದಿನಕ್ಕೊಮ್ಮೆ ಬರುತ್ತದೆ, ಯೂನಿಫಾರ್ಮಿನ ಸೀಸನ್ ಆದ್ದರಿಂದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ಪಿಯುಸಿಗೂ ಕಟ್ಟುತ್ತೇನೆ ಎಂದು ಹೇಳಿಯಾಗಿದೆ.

ಬರಲಾ ಎಂದು ಕೇಳಿದ್ದೀಯ. ಮೊದಲು ಕಡಬಕ್ಕೆ ಹೋಗು. ಆ ಅಮ್ಮನ ಹತ್ತಿರ ಕುಳಿತು, ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳು. ನಮ್ಮ ಉಪ್ಪನ ಹೆಸರು ಸಹ ಹೇಳು, ಸಾಹುಲ್ ಹಮೀದ್ ಎಂದು. ಅವರು ಓದು ಬೇಡ ಅನ್ನಲಿಲ್ಲ ಎಂದು.

ಶಾಂತಿಮೊಗರಿನ ಸೇತುವೆ ಆದ ಮೇಲೆ ಕಡಬದಿಂದ ಸವಣೂರು ಹತ್ತಿರ. ಅಂಗಡಿ ಸಂಜೆ ಆರರವರೆಗೆ ತೆರೆದಿರುತ್ತದೆ.

ಝುಲೈಖಾ